ಐದು ಮನೆಯ ರೊಟ್ಟಿ

ನೆಲೋಗಿ
೧೯ ನವೆಂಬರ್ ೧೯೮೪

ಆಳಂದದ ಸಭಾಪಾಲಕರಾದ ಮಾನ್ಯ ಎಲೀಷ ಅಯ್ಯನವರಿಗೆ, ನೆಲೋಗಿ ಸಭೆಯ ಹಿರಿಯ ಚಂದಪ್ಪ ಮಾಸ್ತರನ ವಂದನೆಗಳು.

ಮೊದಲೇ ಒಂದು ಮಾತು. ನೀವು ಐದನೆಯ ಇಯತ್ತೆಯಲ್ಲಿ ನನ್ನ ಕೈಯಿಂದ ಕಿವಿ ಹಿಂಡಿಸಿಕೊಂಡವರು, ಈಗ ನಮ್ಮ ಅಯ್ಯನವರು. ಆದ್ದರಿಂದ ಕಾಗದದ ಮೇಲೆ ‘ನೀವು’ ಎಂದೇ ಬರೆಯುತ್ತೇನೆ. ಮನಸ್ಸಿನಲ್ಲಿ ಏನೆನ್ನುತ್ತೇನೆಂಬುದು ಬೇರೆ ಮಾತು. ಮೇಲಿನವರು ಪಕ್ಕದ ಜೇವರ್ಗಿಗೆ ಅಯ್ಯನವರನ್ನು ಕೊಡದೆ ನಮ್ಮ ಹದಿನೆಂಟು ಮನೆಗಳನ್ನು ಅಷ್ಟು ದೂರದ ಆಳಂದಕ್ಕೆ ಗಂಟುಹಾಕಿದ್ದಾರೆ. ನೀವು ಬರುವುದು ಕ್ರಿಸ್ಮಸ್ಸಿಗೊಮ್ಮೆ, ಈಸ್ಟರ್‌ಗೊಮ್ಮೆ. ನಡುವೆ ಮಂದೆ ಕಾಯುವ ಕೆಲಸ ನನ್ನ ಪಾಲಿಗೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಸಭೆಯ ವಿಧವೆ ಸುಂದರಬಾಯಿ ನಿಮಗೆ ಗೊತ್ತು. ಕರ್ತನ ಭೋಜನದಲ್ಲಿ ರೊಟ್ಟಿಯ ಜೊತೆ ಹಂಚಲು ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ರಸ ಸೋಸಿ ಕೊಡುವವಳು ಅವಳೇ. ಆಗಸ್ಟ್ ತಿಂಗಳಿಂದ ಈಕೆ ಆದಿತ್ಯವಾರ ಆರಾಧನೆಗೆ ಬರುತ್ತಿಲ್ಲ. ಕೂಲಿಗೆ ಹೋಗುತ್ತಾಳೇನೋ ಎಂದುಕೊಂಡಿದ್ದೆ. ಮೊನ್ನೆ ಚಹಾದ ಅಂಗಡಿಯಲ್ಲಿ ಎಲ್ಲರ ಎದುರಿಗೆ ಮಹಾದೇವಪ್ಪ ಗೌಡರು ನಗುತ್ತ ಹೇಳಿದರು: “ಏನ್ರಿ ಮಾಸ್ತರ, ನಿಮ್ಮ ಕಿರಿಸ್ತಾನರೂ ನಮ್ಮ ದತ್ತನ ಜೋಳಗಿ ಹಿಡ್ಯಾಕತ್ತಾರಲ್ಲ. ನಿಮ್ಮ ಸುಂದರಬಾಯಿ ಗಾಣಗಾಪುರದಾಗ ಮಧುಕರಿ ಬೇಡೂದು ನಾನೇ ಕಣ್ಣಾರೆ ಕಂಡೀನಿ.”

ಮಧುಕರಿಯ ಸಂಗತಿ ನಿಮಗೆ ತಿಳಿದಿರಲಿಕ್ಕಿಲ್ಲ. ನಡುಮಧ್ಯಾಹ್ನ ದತ್ತಾತ್ರೇಯನೇ ಆ ಊರ ಬೀದಿಯಲ್ಲಿ ಭಿಕ್ಷೆಗೆ ಬರುತ್ತಾನೆಂದು ಅಲ್ಲಿಯವರ ನಂಬಿಕೆ. ಅದೇ ಹೊತ್ತಿಗೆ ಭಕ್ತರೂ ಜೋಳಿಗೆ ಹಿಡಿದು ಐದು ಮನೆಗಳ ಬಾಗಿಲಿಗೆ ಹೋಗಿ ಬೇಡುತ್ತಾರೆ, ಬಂದದ್ದನ್ನು ಹೊಳೆಯ ದಂಡೆಗೆ ತಂದು ತಿನ್ನುತ್ತಾರೆ. ಅವರ ಭಕ್ತಿ ಅವರಿಗೆ. ಆದರೆ ಒಂದು ಕಡೆ ಕರ್ತನ ಮೇಜು, ಇನ್ನೊಂದು ಕಡೆ ದತ್ತನ ಜೋಳಿಗೆ ಎಂದು ಎರಡು ದೋಣಿಯಲ್ಲಿ ಕಾಲಿಟ್ಟವಳನ್ನು ನಾವು ಏನು ಮಾಡಬೇಕು?

ಕ್ರಿಸ್ಮಸ್ ಭೋಜನದಿಂದ ಆಕೆಯನ್ನು ದೂರವಿಡುವ ಕಾಗದ ಇದರ ಜೊತೆ ಇದೆ. ಸಹಿ ಮಾಡಿ ಕಳಿಸಬೇಕು.

ಚಂದಪ್ಪ ಮಾಸ್ತರ

*

ಆಳಂದ
೨೭ ನವೆಂಬರ್ ೧೯೮೪

ಪೂಜ್ಯ ಮಾಸ್ತರರಿಗೆ, ನಮಸ್ಕಾರಗಳು.

ನೀವು ಮನಸ್ಸಿನಲ್ಲಿ ನನ್ನನ್ನು ಏನೆಂದು ಕರೆದರೂ ನನಗೆ ಅದು ಆಶೀರ್ವಾದವೇ. ಕಿವಿ ಈಗಲೂ ಸ್ವಲ್ಪ ಕೆಂಪಗಿದೆ.

ಈ ವಾರ ಮೇಲಿನವರು ಇಲ್ಲಿಯ ಶಾಲೆ, ವಸತಿನಿಲಯ ನೋಡಲು ಬರುತ್ತಿದ್ದಾರೆ. ಗೋಡೆಗೆ ಸುಣ್ಣ ಬಳಿಸುವುದರಲ್ಲೇ ದಿನ ಹೋಗುತ್ತಿದೆ. ಸುಂದರಬಾಯಿಯವರನ್ನು ಕರೆದು ನೀವು ಕೇಳಿದ್ದೀರಾ? ಕೇಳಿರುತ್ತೀರಿ. ನೀವು ಹಿರಿಯರು, ಅಲ್ಲಿಯವರು, ನನಗಿಂತ ಹೆಚ್ಚು ತಿಳಿದವರು. ಸಹಿ ಮಾಡಿದ ಕಾಗದ ಇದರಲ್ಲಿದೆ.

ಕ್ರಿಸ್ಮಸ್ ದಿನ ಬೆಳಗಿನ ಬಸ್ಸಿಗೆ ಬಂದು ಭೋಜನ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಮನೆಯಲ್ಲಿ ಸುಮಿತ್ರಾಬಾಯಿಯವರಿಗೆ ಅಡುಗೆ ಜಾಸ್ತಿ ಮಾಡಬೇಡಿರೆಂದು ಹೇಳಿ.

ನಿಮ್ಮ ವಿದ್ಯಾರ್ಥಿ,
ಎಲೀಷ

*

ನೆಲೋಗಿ
೧೪ ಜನವರಿ ೧೯೮೫

ಮಾನ್ಯ ಅಯ್ಯನವರಿಗೆ,

ಕ್ರಿಸ್ಮಸ್ ದಿನ ನೀವು ಗಾಳಿಯಂತೆ ಬಂದು ಗಾಳಿಯಂತೆ ಹೋದಿರಿ, ಮಾತಾಡಲಿಕ್ಕೆ ಆಗಲಿಲ್ಲ. ದ್ರಾಕ್ಷಿರಸ ಸೀದ ವಾಸನೆ ಬಂದದ್ದು ನಿಮ್ಮ ಗಮನಕ್ಕೆ ಬಂದಿರಬೇಕು. ಸುಂದರಬಾಯಿಯನ್ನು ಆ ಕೆಲಸದಿಂದ ಬಿಡಿಸಿದ್ದರಿಂದ ನಾನೇ ಒಲೆಯ ಮುಂದೆ ಕುಳಿತಿದ್ದೆ. ಮಾಸ್ತರಿಕೆ ಬಂದಷ್ಟು ಸುಲಭವಾಗಿ ಒಲೆ ಬರುವುದಿಲ್ಲ.

ಹಿಂದಿನ ಸಂಜೆಯ ಸಿದ್ಧತೆಯ ಕೂಟದಲ್ಲಿ ನಡೆದದ್ದನ್ನು ತಿಳಿಸಬೇಕು. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ. ಭೋಜನಕ್ಕೆ ಮುಂಚೆ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಮನಸ್ಸಿನಲ್ಲಿ ಏನು ಕಸವಿದೆಯೆಂದು ಹೇಳಬೇಕು. ಎಂದಿನಂತೆ ಮೊದಲು ನಾನು ಎದ್ದು, ಕರ್ತನ ಕೃಪೆಯಿಂದ ನನ್ನ ಮನಸ್ಸು ಸ್ವಚ್ಛವಾಗಿದೆ ಎಂದು ಹೇಳಿದೆ. ಆಮೇಲೆ ಸುಂದರಬಾಯಿಯನ್ನು ಎಬ್ಬಿಸಿದೆ. ಗಾಣಗಾಪುರಕ್ಕೆ ಹೋಗುವುದು ನಿಜವೇ ಎಂದು ಕೇಳಿದೆ.

“ಹೌದ್ರಿ, ಹೋಗ್ತೇನಿ.”

ಜೋಳಿಗೆ ಹಿಡಿಯುವುದು?

“ಹೌದ್ರಿ, ಹಿಡೀತೇನಿ.”

ಯಾಕೆ ಎಂದೆ. ನನ್ನ ಮುಖವನ್ನೇ ನೋಡಿದಳು. “ಅದೊಂದು ಕೇಳಬ್ಯಾಡ್ರಿ ಮಾಸ್ತರ. ಇಷ್ಟು ಮಂದ್ಯಾಗ ಹೇಳೂ ಮಾತಲ್ಲ ಅದು” ಎಂದು ಕುಳಿತುಬಿಟ್ಟಳು. ಎಷ್ಟು ಸೊಕ್ಕು ನೋಡಿ. ಮರುದಿನ ಬಾಗಿಲ ಹತ್ತಿರ ಗೋಣಿಚೀಲದ ಮೇಲೆ ಕುಳಿತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಪಶ್ಚಾತ್ತಾಪವಿದ್ದವಳು ಅಳಬೇಕಲ್ಲವೇ?

ಆದ್ದರಿಂದ ಈಸ್ಟರ್‌ಗೆ ಮುಂಚೆ ಆಕೆಯ ಹೆಸರನ್ನು ಸಭೆಯ ಪಟ್ಟಿಯಿಂದ ಪೂರ್ತಿ ತೆಗೆಯಬೇಕೆಂದು ನನ್ನ ಅಭಿಪ್ರಾಯ. ವಿಚಾರಣೆ ಮಾಡುತ್ತೇನೆಂದು ನೀವು ಗಾಣಗಾಪುರಕ್ಕೆ ಹೋಗುವ ಅಗತ್ಯವಿಲ್ಲ. ಅಪರಾಧಿಯೇ ಒಪ್ಪಿಕೊಂಡ ಮೇಲೆ ಇನ್ನೇನು ನೋಡುವುದಿದೆ? ಅಲ್ಲಿಯ ಗದ್ದಲದಲ್ಲಿ ನಿಮಗೆ ಯಾರೂ ಸಿಗುವುದೂ ಇಲ್ಲ.

ಚಂದಪ್ಪ ಮಾಸ್ತರ

*

ಆಳಂದ
೫ ಫೆಬ್ರವರಿ ೧೯೮೫

ಚಂದಪ್ಪ ಮಾಸ್ತರರಿಗೆ,

ನಾನು ಗಾಣಗಾಪುರಕ್ಕೆ ಹೋಗಿದ್ದೆ. ಹೋಗಬೇಡವೆಂದು ನೀವು ಬರೆಯದಿದ್ದರೆ ಹೋಗುತ್ತಿರಲಿಲ್ಲವೇನೋ. ಕಾಲಿಡದ ಊರಿನ ಮಧ್ಯಾಹ್ನವನ್ನು ನೀವು ಅಷ್ಟು ಚೆನ್ನಾಗಿ ಹೇಗೆ ವರ್ಣಿಸಿದಿರಿ ಎಂಬುದೂ ತಲೆಯಲ್ಲಿ ಕೊರೆಯುತ್ತಿತ್ತು.

ಮೊನ್ನೆ ಆದಿತ್ಯವಾರ ಇಲ್ಲಿಯ ಆರಾಧನೆಯನ್ನು ಬೇರೆಯವರಿಗೆ ಒಪ್ಪಿಸಿ ಹೋದೆ. ಮಧ್ಯಾಹ್ನ ಸುಂದರಬಾಯಿಯವರನ್ನು ಕಂಡೆ. ಅವರು ಗುಡಿಯ ಕಡೆ ಹೋಗಲಿಲ್ಲ. ಜೋಳಿಗೆ ಹಿಡಿದು ಐದು ಬಾಗಿಲಲ್ಲಿ ನಿಂತು, ಬಂದ ರೊಟ್ಟಿ, ಪಲ್ಯ, ಅನ್ನ ತೆಗೆದುಕೊಂಡು ಹೊಳೆಯ ಕಡೆಯ ಒಂದು ಹಳೆಯ ಛತ್ರಕ್ಕೆ ಹೋದರು. ಅಲ್ಲಿ ಕಂಬಕ್ಕೆ ಒರಗಿ ಒಬ್ಬ ಮುದುಕಿ ಕುಳಿತಿದ್ದಳು. ಕಾಲಿಗೆ ಹುಣ್ಣಾಗಿ ಆಗಸ್ಟ್‌ನಿಂದ ನಡೆಯಲಾರಳು. ಐದು ಮನೆಯಿಂದ ಬೇಡಿ ತಂದದ್ದನ್ನು ಬಿಟ್ಟು ಬೇರೆ ಏನು ಕೊಟ್ಟರೂ ಬಾಯಿ ತೆರೆಯುವುದಿಲ್ಲವಂತೆ. ಉಳಿದ ದಿನ ಛತ್ರ ಗುಡಿಸುವ ಸಕ್ಕುಬಾಯಿ ಎಂಬಾಕೆ ತಂದು ಹಾಕುತ್ತಾಳೆ. ಆದಿತ್ಯವಾರ ಆಕೆ ಅಫಜಲಪುರದ ಮಗಳ ಮನೆಗೆ ಹೋಗುವುದರಿಂದ ಅಂದಿನ ಸರದಿ ಸುಂದರಬಾಯಿಯವರದು. ಆಗಸ್ಟ್‌ನಲ್ಲಿ ಕೂಲಿಗೆಂದು ಆ ಕಡೆ ಬಂದಾಗ ಮುದುಕಿ ಹಸಿದು ಕುಳಿತದ್ದನ್ನು ಕಂಡು ಹಿಡಿದ ಸರದಿಯಂತೆ.

ಅವರು ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದರು. ನಾನು ಹತ್ತಿರ ಕುಳಿತು ಮುದುಕಿಯ ಹೆಸರು ಕೇಳಿದೆ. ನಿಂಬೆವ್ವ ಎಂದಳು. ಊರಿನ ಕಡೆಯವರು ಯಾರಿದ್ದಾರೆ ಎಂದೆ.

“ನನ್ನ ತಮ್ಮ ಆಳಂದದಾಗ ಕಿರಿಸ್ತಾನರ ಸಾಲಿ ಮಾಸ್ತರ ಅದಾನ್ರಿ, ಚಂದಪ್ಪ ಅಂತ. ನೀವು ಕಂಡೀರೇನು?”

ಕಂಡಿದ್ದೇನೆ ಎಂದೆ.

ಮಾಸ್ತರ, ೧೯೬೩ರಲ್ಲಿ ನನಗೆ ಹನ್ನೊಂದು ವರ್ಷ. ನಿಮ್ಮ ಅಕ್ಕ ತೀರಿಕೊಂಡಳೆಂದು ಅರ್ಧ ದಿನ ಶಾಲೆಗೆ ರಜೆ ಕೊಟ್ಟಿದ್ದರು. ನಾವು ಹುಡುಗರೆಲ್ಲ ಸಾಲಾಗಿ ನಿಂತು ಹಾಡಿದೆವು. ನಿಮ್ಮ ಮುಖ ನೋಡಿ ನಾನು ಅತ್ತಿದ್ದೆ. ಸುಂದರಬಾಯಿ ಅಳಲಿಲ್ಲವೆಂದು ನೀವು ಬರೆದಿದ್ದೀರಿ. ಅಂದು ನೀವು ಚೆನ್ನಾಗಿ ಅತ್ತಿರಿ.

ಪಟ್ಟಿಯಿಂದ ತೆಗೆಯಬೇಕಾದ ಹೆಸರು ಯಾವುದು ಎಂದು ನೀವೇ ಹೇಳಿ. ಈಸ್ಟರ್ ದಿನ ನೀವು ದ್ರಾಕ್ಷಿರಸದ ಪಾತ್ರೆ ಹಿಡಿದು ನನ್ನ ಪಕ್ಕ ನಿಲ್ಲಬಾರದು.

ಎಲೀಷ, ಸಭಾಪಾಲಕ

*

ಆಳಂದ
೧ ಮಾರ್ಚ್ ೧೯೮೫

ಪೂಜ್ಯ ಮಾಸ್ತರರಿಗೆ,

ಮೂರು ವಾರ ಕಳೆದರೂ ನಿಮ್ಮ ಉತ್ತರವಿಲ್ಲ. ಅಂಚೆಯವನು ಬಂದಾಗಲೆಲ್ಲ ಹೊರಗೆ ಬರುತ್ತೇನೆ. ಏನಾದರೂ ಮಾಡಿಕೊಂಡಿರೋ ಎಂಬ ಭಯವೂ ಒಮ್ಮೊಮ್ಮೆ ಬರುತ್ತದೆ.

ಆ ಪತ್ರ ಬರೆದು ಡಬ್ಬಿಗೆ ಹಾಕಿದಾಗ ಮೈಯೆಲ್ಲ ಹಗುರವಾಗಿತ್ತು. ದೊಡ್ಡ ನ್ಯಾಯ ಮಾಡಿದೆನೆಂಬ ಹಿಗ್ಗು. ಅದು ಎರಡು ದಿನ ಉಳಿಯಿತು. ಮೂರನೆಯ ದಿನ ಪ್ರಸಂಗಕ್ಕೆ ತಯಾರಿ ಮಾಡಲು ಕುಳಿತಾಗ, ಸುಂದರಬಾಯಿಯವರ ಕಾಗದಕ್ಕೆ ಸಹಿ ಮಾಡಿದ ಕೈ ಯಾರದು ಎಂಬ ಪ್ರಶ್ನೆ ಎದುರಿಗೆ ಬಂತು. ಗೋಡೆಗೆ ಸುಣ್ಣ ಬಳಿಸುವ ಅವಸರದಲ್ಲಿ, ಒಬ್ಬ ಹೆಂಗಸಿನ ಮಾತು ಕೇಳದೆ ಸಹಿ ಮಾಡಿದೆ. ಕ್ರಿಸ್ಮಸ್ ದಿನ ಅವರು ಬಾಗಿಲಲ್ಲಿ ಗೋಣಿಚೀಲದ ಮೇಲೆ ಕುಳಿತಿದ್ದರು. ರೊಟ್ಟಿಯ ತಟ್ಟೆ ಹಿಡಿದು ಅವರ ಎದುರಿಗೇ ಹೋದೆ. ಅವರು ತಲೆ ಎತ್ತಿದರು, ನಾನು ತಟ್ಟೆ ನೋಡಿಕೊಂಡು ಮುಂದೆ ಹೋದೆ. ಮಧ್ಯಾಹ್ನದ ಬಸ್ಸಿನ ಚಿಂತೆ ನನಗೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಕಲಿಸಿದವರು ನೀವೇ. ನಾನು ಕಾಣದೆಯೇ ತೀರ್ಪು ಕೊಟ್ಟವನು.

ನಿಮ್ಮನ್ನೂ ಹಾಗೆಯೇ ಕೇಳಲಿಲ್ಲ. ಅಕ್ಕನನ್ನು ಯಾಕೆ ಬಿಟ್ಟಿರಿ, ಹೇಗೆ ಬಿಟ್ಟಿರಿ ಎಂಬ ಒಂದು ಪ್ರಶ್ನೆಯೂ ನನ್ನ ಪತ್ರದಲ್ಲಿ ಇರಲಿಲ್ಲ.

ಕಳೆದ ವಾರ ಸುಂದರಬಾಯಿಯವರನ್ನು ಮತ್ತೆ ಗಾಣಗಾಪುರದಲ್ಲೇ ಕಂಡು ತಪ್ಪಾಯಿತೆಂದೆ. “ಕೂಟದಲ್ಲಿ ಎಲ್ಲ ಹೇಳಿಬಿಟ್ಟಿದ್ದರೆ ನಿಮಗೆ ಈ ಅವಮಾನ ಬರುತ್ತಿರಲಿಲ್ಲವಲ್ಲ” ಎಂದೆ. ಅವರು ಹೇಳಿದ್ದು ಇಷ್ಟು: “ನಾ ಹೇಳಿದ್ರ ಮಾಸ್ತರ ಊರಾಗ ತಲಿ ಎತ್ತಿ ತಿರಗತಿದ್ರೇನ್ರಿ? ನನಗೇನು, ಹಿಂದ ಕುಂತ್ರೂ ಹಾಡು ಕೇಳ್ತದ. ಅವರಿಗೆ ನೀವೂ ಜಬರದಸ್ತಿ ಮಾಡಬ್ಯಾಡ್ರಿ.”

ಈಸ್ಟರ್‌ಗೆ ಬನ್ನಿರೆಂದು ಅವರನ್ನು ಕರೆದಿದ್ದೇನೆ. ನೀವೂ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ಎಲೀಷ

*

ನೆಲೋಗಿ
೧೮ ಮಾರ್ಚ್ ೧೯೮೫

ಎಲೀಷ,

ನಿನ್ನ ಫೆಬ್ರವರಿಯ ಪತ್ರವನ್ನು ನಲವತ್ತು ದಿನ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಒಗೆಯಲು ಅಂಗಿ ಕೊಡುವಾಗ ತೆಗೆಯುವುದು, ಮತ್ತೆ ಇಡುವುದು. ಬೈದು ಬರೆಯಲು ಎಷ್ಟೋ ಸಲ ಕುಳಿತೆ. ‘ನೀನು ಮೂರು ಕಾಸಿನ ಹುಡುಗ’ ಎಂದು ಶುರುಮಾಡಿ ಅಲ್ಲೇ ನಿಲ್ಲುತ್ತಿತ್ತು. ನಿನ್ನ ಮಾರ್ಚಿನ ಪತ್ರ ಬಂದ ಮೇಲೆ ಅದಕ್ಕೂ ದಾರಿ ಇಲ್ಲವಾಯಿತು. ಕೇಳಲಿಲ್ಲವೆಂದು ಬರೆದಿದ್ದೀಯ. ಈಗ ಕೇಳು.

ನಮ್ಮವ್ವ ಸತ್ತಾಗ ನನಗೆ ಒಂದೂವರೆ ವರ್ಷ, ಅಕ್ಕನಿಗೆ ಹತ್ತು. ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೂಲಿ ಮಾಡಿದವಳು. ಗಂಡನ ಮನೆಗೆ ಹೋಗಿ ಬಹಳ ವರ್ಷಕ್ಕೆ ಒಂದು ಕೂಸು ಹಡೆದಳು. ಅದು ಜ್ವರದಲ್ಲಿ ಹೋಯಿತು. ಅಂದಿನಿಂದ ತಲೆ ಸರಿಯಿಲ್ಲ. ಗಂಡನ ಮನೆಯವರು ತಂದು ನನ್ನ ಬಾಗಿಲಿಗೆ ಬಿಟ್ಟರು. ನಾನು ಆಗಷ್ಟೇ ದೀಕ್ಷಾಸ್ನಾನ ತೆಗೆದುಕೊಂಡು ಶಾಲೆಗೆ ಮಾಸ್ತರನಾಗಿ ಸೇರಿದವನು. ಹಳೆ ಅರಿವೆಯ ಗಂಟು ಎದೆಗೆ ಒತ್ತಿಕೊಂಡು, ಅದಕ್ಕೆ ಜೋಗುಳ ಹಾಡುತ್ತ ಆಳಂದದ ಪೇಟೆಯಲ್ಲಿ ತಿರುಗುತ್ತಿದ್ದಳು. ಒಮ್ಮೊಮ್ಮೆ ತರಗತಿಗೆ ಬಂದು ಕಿಟಕಿಯಲ್ಲಿ ನಿಂತು “ಚಂದೂ, ಉಂಡೇನೋ” ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು. ನೀನೂ ನಕ್ಕಿರಬಹುದು, ಆಕೆ ಯಾರೆಂದು ನಿಮಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ತಲೆ ಕೆಟ್ಟವರನ್ನು ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ, ಗುಣವಾಗುತ್ತದೆ ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ನಂಬದವನು, ಆದರೂ ಕರೆದುಕೊಂಡು ಹೋದೆ. ಅದೇ ನೋಡು ನನ್ನ ಪಾಪದ ಬೇರು. ದತ್ತನನ್ನು ನಂಬಿ ಬಿಟ್ಟುಬಂದವರಿಗಾದರೂ ಒಂದು ನಂಬಿಕೆ ಇತ್ತು. ನಾನು ಯಾರನ್ನೂ ನಂಬದೆ ಬಿಟ್ಟುಬಂದೆ. ಎರಡು ದಿನ ಇದ್ದು ಐದು ಮನೆಗೆ ಹೋಗಿ ಬೇಡುವುದನ್ನು ನಾನೇ ಕಲಿಸಿದೆ. ಹುಚ್ಚಿಗೆ ಯಾರಾದರೂ ಏನಾದರೂ ತಿನ್ನಿಸಿಯಾರೆಂದು ಹೆದರಿ, “ಅಕ್ಕಾ, ಐದು ಮನಿ ರೊಟ್ಟಿ ಬಿಟ್ಟು ಬ್ಯಾರೇದು ತಿನಬ್ಯಾಡ” ಎಂದೆ. ಸಂಜೆಗೆ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಇಪ್ಪತ್ತೆರಡು ವರ್ಷ ಆಕೆ ನನ್ನ ಮಾತು ಮೀರಿಲ್ಲ, ಎಲೀಷ.

ಸತ್ತಳೆಂದು ಶಾಲೆಯಲ್ಲಿ ಹೇಳಿದೆ. ಆಮೇಲೆ ಮದುವೆಯಾದ ಸುಮಿತ್ರಾಗೂ ಹಾಗೆಯೇ ಹೇಳಿದೆ. ಹೇಳಿ ಹೇಳಿ ಮುಕ್ಕಾಲು ಪಾಲು ನಾನೇ ನಂಬಿದೆ. ಮಹಾದೇವಪ್ಪ ಗೌಡರು ಗಾಣಗಾಪುರದ ಹೆಸರೆತ್ತಿದಾಗ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಧರ್ಮದ ಸಿಟ್ಟೆಂದು ನಿನಗೆ ಬರೆದೆ, ಅದು ಬರೀ ಹೆದರಿಕೆ. ಆ ಹೆಂಗಸು ಅಲ್ಲಿ ತಿರುಗಿದರೆ ಏನು ಕಂಡಾಳೋ ಎಂದು ಆಕೆಯನ್ನೇ ಮೊದಲು ಕೆಟ್ಟವಳನ್ನಾಗಿ ಮಾಡಿದೆ. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಆಕೆಯ ತಟ್ಟೆಯ ನೊಣ ಎಣಿಸುತ್ತಿದ್ದೆ. ನಿಜ ನೋಡಿದರೆ ಅಲ್ಲಿ ನೊಣವೂ ಇರಲಿಲ್ಲ.

ನಿನ್ನೆ ಸುಮಿತ್ರಾಗೆ ಎಲ್ಲ ಹೇಳಿದೆ. ಎದ್ದುಹೋಗಿ ಜೋಳ ಬೀಸುತ್ತ ಕುಳಿತಳು. ಹಿಟ್ಟಿನ ಡಬ್ಬಿ ತುಂಬಿಯೇ ಇತ್ತು.

ನಿನಗೆ ಹೇಳಿದ್ದಾಯಿತು. ಅಕ್ಕನ ಎದುರಿಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಬರುತ್ತದೆಂದು ಮಾತು ಕೊಡಲಾರೆ.

ಚಂದಪ್ಪ

*

ಆಳಂದ
೯ ಏಪ್ರಿಲ್ ೧೯೮೫

ಪೂಜ್ಯ ಮಾಸ್ತರರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕುಳಿತು ಮೂರು ಸಲ ಹರಿದೆ. ಈಸ್ಟರ್‌ಗೆ ಬಂದಾಗ ನಿಮ್ಮ ಕೈ ಹಿಡಿದೇ ಮಾತಾಡೋಣವೆಂದುಕೊಂಡು ಶನಿವಾರವೇ ಬಂದೆ. ಈ ಸಲ ಮಧ್ಯಾಹ್ನದ ಬಸ್ಸಿನ ಆತುರವಿರಲಿಲ್ಲ. ಆದರೆ ನೀವು ಸಂಜೆಯ ಕೂಟಕ್ಕೂ ಬರಲಿಲ್ಲ, ಆದಿತ್ಯವಾರವೂ ಬರಲಿಲ್ಲ.

ಸುಂದರಬಾಯಿ ಬಂದಿದ್ದರು. ಕೂಟದಲ್ಲಿ ಮೊದಲು ನಾನೇ ಎದ್ದು, ಕೇಳದೆ ಸಹಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿದೆ. ನಿಮ್ಮ ಮನೆಯ ವಿಷಯ ಎತ್ತಲಿಲ್ಲ. ಮರುದಿನ ಅವರು ಮುಂದಿನ ಸಾಲಿನಲ್ಲಿ ಮಂಡಿಯೂರಿ ರೊಟ್ಟಿ ತೆಗೆದುಕೊಂಡರು. ಈ ಸಲ ತಟ್ಟೆ ನೋಡದೆ ಅವರ ಮುಖ ನೋಡಿ ಕೊಟ್ಟೆ.

ಆಮೇಲೆ ಹೊರಗೆ ಬೇವಿನ ಕೆಳಗೆ ಮಾತು ಹೊರಟಿತು. “ಮಾಸ್ತರಗ ಪಾತ್ರಿ ಹಿಡಿಬ್ಯಾಡ ಅಂದ್ರಂತ, ಅದಕ್ಕ ಸಿಟ್ಟು ಮಾಡ್ಕೊಂಡು ಕುಂತಾರ” ಎಂದು ಒಬ್ಬರು. “ಸುಂದರಬಾಯಿ ಉಣ್ಣೂದು ನೋಡಾಕ ಆಗಿಲ್ಲ” ಎಂದು ಇನ್ನೊಬ್ಬರು. ಸುಮಿತ್ರಾಬಾಯಿಯವರನ್ನು ಕೇಳಿದರೆ “ಹೊರಗ ಹೋಗ್ಯಾರ” ಎಂದಷ್ಟೇ ಹೇಳಿದರು. ಸುಂದರಬಾಯಿಯವರನ್ನು ಕೇಳಿದೆ. “ಅವರನ್ನ ಕೇಳ್ರಿ, ನನ್ನ ಯಾಕ ಕೇಳ್ತೀರಿ” ಎಂದರು.

ನನ್ನ ಮನಸ್ಸೂ ಜನರ ಮಾತಿನ ಕಡೆಗೇ ವಾಲಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ನಿಮಗೊಂದು ಕಟು ಪತ್ರವನ್ನು ಮನಸ್ಸಿನಲ್ಲೇ ಬರೆದೆ. ಮನೆಗೆ ಬಂದು ಕಾಗದ ತೆಗೆದಾಗ ಒಂದು ಬುದ್ಧಿ ಬಂತು. ಈ ಸಲ ಮೊದಲು ಕೇಳುತ್ತೇನೆ.

ಮಾಸ್ತರ, ಎಲ್ಲಿದ್ದಿರಿ?

ಎಲೀಷ

*

ಗಾಣಗಾಪುರ
೧೫ ಏಪ್ರಿಲ್ ೧೯೮೫

ಎಲೀಷ,

ನಿನ್ನ ಪತ್ರವನ್ನು ಸುಮಿತ್ರಾ ಸುಂದರಬಾಯಿಯ ಕೈಯಲ್ಲಿ ಕಳಿಸಿದ್ದಳು. ನಿನ್ನೆ ಸಿಕ್ಕಿತು. ಛತ್ರದ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕಿವಿ ಹಿಂಡಲು ಬರಬೇಡ.

ಈಸ್ಟರ್ ಹಿಂದಿನ ಶುಕ್ರವಾರ, ಸುಂದರಬಾಯಿ ಭೋಜನಕ್ಕೆ ಬರುವುದಿಲ್ಲವೆಂದು ಸುದ್ದಿ ಬಂತು. ಸೊಕ್ಕಲ್ಲ. ಆದಿತ್ಯವಾರ ಐದು ಮನೆಗೆ ಹೋಗುವವರು ಬೇರೆ ಯಾರೂ ಇರಲಿಲ್ಲ. ನೀನು ಕರೆದರೂ, ನಾನು ಪಟ್ಟಿಯಲ್ಲಿ ಹೆಸರು ಉಳಿಸಿದರೂ, ಆಕೆ ಕರ್ತನ ಮೇಜಿಗೆ ಬರಬೇಕಾದರೆ ಅಂದು ಜೋಳಿಗೆ ಹಿಡಿಯುವ ಇನ್ನೊಂದು ಹೆಗಲು ಬೇಕಿತ್ತು. ಅದು ಯಾರದೆಂದು ಹೇಳಲು ನೀನೂ ಬೇಕಾಗಲಿಲ್ಲ, ಪ್ರಸಂಗವೂ ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಆಕೆಯ ಬಾಗಿಲಿಗೆ ಹೋದೆ. ತಪ್ಪು ಮಾಡಿದೆನವ್ವ ಎಂದೆ. ಆಮೇಲೆ, ಜೋಳಿಗೆ ಕೊಡು ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮಗ ಜವಾಬ ಕೇಳಾಕ ಬರ್ತದ ಮಾಸ್ತರ, ರೊಟ್ಟಿ ಕೇಳಾಕ ಬರ್ತದೇನ್ರಿ?”

ಕಲಿಯುತ್ತೇನೆ ಎಂದೆ. ಒಳಗೆ ಹೋಗಿ ಜೋಳಿಗೆ ತಂದುಕೊಟ್ಟಳು. “ಹುಳಿ ಆಗಿದ್ದ ಹಾಕಿದ್ರ ಬ್ಯಾಡನ್ರಿ, ಆಕಿ ಹೊಟ್ಟಿಗಿ ಆಗೂದಿಲ್ಲ” ಎಂದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇಡುವುದು ಕಷ್ಟ, ಎಲೀಷ. ಮೊದಲ ಬಾಗಿಲಲ್ಲಿ ನಿಂತೆ, ಬಾಯಿ ಬಿಡಲಾಗಲಿಲ್ಲ. ಇಪ್ಪತ್ತು ವರ್ಷ ಹುಡುಗರ ಎದುರಿಗೆ ಕೂಗಿದ ಗಂಟಲು. ಒಳಗಿನಿಂದ ಒಬ್ಬ ತಾಯಿ ಬಂದು “ಯಾಕ ಯಜ್ಜಾ, ಮೂಕಾದಿ ಏನು?” ಎಂದು ನಕ್ಕು ರೊಟ್ಟಿ ಹಾಕಿದಳು. ನನ್ನ ಜಾತಿ ಯಾವುದು, ದೇವರು ಯಾರು, ಯಾವ ಪಾಪ ಮಾಡಿ ಬಂದೆ ಎಂದು ಕೇಳಲಿಲ್ಲ. ಎರಡನೆಯ ಮನೆಯಲ್ಲೂ ಕೇಳಲಿಲ್ಲ. ಮೂರನೆಯ ಮನೆಯವರು ಮುಂದೆ ಹೋಗು ಎಂದರು. ಹೋದೆ. ನಮ್ಮ ಕೂಟದಲ್ಲಿ ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ನಾನು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಆ ಬೀದಿಯಲ್ಲಿ ನೆನಪಾದವು. ಬಿಸಿಲಿಗಿಂತ ಅದಕ್ಕೇ ಹೆಚ್ಚು ಬೆವೆತೆ.

ಬಂದವನು ಇನ್ನೂ ಹೋಗಿಲ್ಲ. ಅಕ್ಕನ ಕಾಲನ್ನು ಅಫಜಲಪುರದ ಡಾಕ್ಟರರಿಗೆ ತೋರಿಸಿದೆ, ಹುಣ್ಣು ಒಣಗಲು ತಿಂಗಳು ಬೇಕೆಂದಿದ್ದಾರೆ. ಆಮೇಲೆ ಮನೆಗೆ ಕರೆದುಕೊಂಡು ಬಾ ಎಂದು ಸುಮಿತ್ರಾ ಹೇಳಿ ಕಳಿಸಿದ್ದಾಳೆ. ಹಿರಿಯನ ಜಾಗಕ್ಕೆ ಬೇರೆಯವರನ್ನು ನೋಡಿಕೋ. ಮುಂದಿನ ಕೂಟದಲ್ಲಿ ಎಲ್ಲವನ್ನೂ ನಾನೇ ಎದ್ದು ಹೇಳುತ್ತೇನೆ, ನೀನು ಮುಚ್ಚಿಡಬೇಡ.

ಅಕ್ಕ ನನ್ನ ಗುರುತು ಹಿಡಿಯಲಿಲ್ಲ. ಈಸ್ಟರ್ ದಿನ ಆಕೆಯ ಎದುರು ಕುಳಿತು ರೊಟ್ಟಿ ಮುರಿದೆ. “ಐದು ಮನೀದು ಹೌದೇನ್ರಿ?” ಎಂದು ಕೇಳಿ, ಹೌದೆಂದ ಮೇಲೆ ಬಾಯಿ ತೆರೆದಳು. ಉಂಡು, ಕೈ ತೊಳೆದು, ಬಹಳ ಹೊತ್ತು ನನ್ನನ್ನು ನೋಡಿದಳು.

“ಹೊಸಬ್ರು ಕಾಣ್ತೀರಿ. ಈ ವಯಸ್ಸಿನ್ಯಾಗ ಬೇಡಾಕತ್ತೀರಿ, ನಿಮಗ ಯಾರೂ ಇಲ್ಲೇನ್ರಿ?”

“ಅಕ್ಕ ಒಬ್ಬಾಕಿ ಅದಾಳ್ರಿ” ಎಂದೆ.

“ಮತ್ತ ಇಲ್ಲ್ಯಾಕ ಕುಂತೀರಿ?” ಎಂದಳು. “ಎದ್ದು ಹೋಗ್ರಿ. ಹಾದಿ ನೋಡ್ತಿರ್ತಾಳ, ಪಾಪ.”

ಚಂದಪ್ಪ